ಸೀಟು ನೋಡಿ ಕಾರು ಕೊಂಡದ್ದು

ಕಾರು ಕೊಳ್ಳಲು ಹೋದವರು ಬಾನೆಟ್ ಎತ್ತಿ ನೋಡುತ್ತಾರೆ, ಟೈರಿಗೆ ಕಾಲಲ್ಲಿ ಒದೆಯುತ್ತಾರೆ, ಏನೂ ತಿಳಿಯದಿದ್ದರೂ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ‘ಹೂಂ’ ಅನ್ನುತ್ತಾರೆ. ಕುಶನಣ್ಣ ಇದ್ಯಾವುದನ್ನೂ ಮಾಡಲಿಲ್ಲ. ಅವನು ಸೀಟು ನೋಡಿದ.

ನೋಡಿದ ಅಂದರೆ ಹಾಗೆ ಹೀಗೆ ಅಲ್ಲ. ಮುಂದಿನ ಬಾಗಿಲು ತೆಗೆದು, ರಸ್ತೆಯ ಮೇಲೇ ಮಂಡಿಯೂರಿ, ಕನ್ನಡಕ ಹಣೆಗೇರಿಸಿ, ಸೀಟಿನ ಅಡಿ ಅಂಚನ್ನು ಬೆರಳಲ್ಲಿ ಮಡಚಿ ನೋಡಿದ. ಸೋಫಾ, ಕುರ್ಚಿ, ಬಸ್ಸು, ಕಾರು ಎನ್ನದೆ ಜನ ಕೂರುವ ಜಾಗ ಯಾವುದಿದ್ದರೂ ಅದಕ್ಕೆ ಫೋಮ್ ತುಂಬಿ ಬಟ್ಟೆ ಹೊದಿಸುವ ಅಂಗಡಿ ಅವನದು. ಇಪ್ಪತ್ತೆರಡು ವರ್ಷದ ಕಸುಬು. ಅಪ್ಪ ಅಮ್ಮ ಇಟ್ಟ ಹೆಸರು ಯಾವಾಗಲೋ ಮೂಲೆ ಸೇರಿ, ಕುಶನಣ್ಣ ಅನ್ನುವುದೊಂದೇ ಉಳಿದಿತ್ತು. ಈ ಕಸುಬಿನವರಿಗೆ ಒಂದು ಚಟವಿದೆ. ತಮ್ಮ ಕೆಲಸವನ್ನು ಮೇಲಿಂದ ನೋಡುತ್ತಾರೆ, ಬೇರೆಯವರ ಕೆಲಸವನ್ನು ಅಡಿಯಿಂದ ನೋಡುತ್ತಾರೆ. ಕಣ್ಣಿಗೆ ಬೀಳದ ಅಡಿ ಅಂಚಿನಲ್ಲಿ ಕೈಹೊಲಿಗೆ ಹೇಗಿದೆ ಎನ್ನುವುದರ ಮೇಲೆ ಹೊಲಿದವನ ಯೋಗ್ಯತೆ ಗೊತ್ತಾಗುತ್ತದೆ ಎಂದು ಅವರ ನಂಬಿಕೆ.

ಆ ಅಂಚು ನೋಡಿ ಕುಶನಣ್ಣ ಬೆರಗಾದ. ಅಳೆದು ಇಟ್ಟಂತೆ ಒಂದೇ ಸಮನಾದ ಪುಟ್ಟ ಪುಟ್ಟ ಹೊಲಿಗೆ. ಎಲ್ಲೂ ಸಡಿಲವಿಲ್ಲ, ಎಲ್ಲೂ ಬಟ್ಟೆ ಸುಕ್ಕಾಗಿಲ್ಲ. ಅದಕ್ಕಿಂತ ದೊಡ್ಡ ಸೋಜಿಗವೆಂದರೆ, ಲೋಕದವರ ಹೊಲಿಗೆಯೆಲ್ಲ ಒಂದು ಕಡೆಗೆ ವಾಲಿದರೆ ಇದು ಇನ್ನೊಂದು ಕಡೆಗೆ ವಾಲಿತ್ತು.

“ಯಜಮಾನರೇ,” ಅಂದ ಕುಶನಣ್ಣ, ಮಂಡಿಯೂರಿದ ಹಾಗೇ ತಲೆಯೆತ್ತಿ. “ಈ ಕೈ ಇದೆಯಲ್ಲ, ಈ ಕೈಗೆ ಬಂಗಾರದ ಕಡಗ ತೊಡಿಸಬೇಕು ನೋಡಿ!”

ಕಾರಿನ ಯಜಮಾನರು ನಕ್ಕುಬಿಟ್ಟರು. ವಯಸ್ಸಾದವರು. ಹಿಂದೆ ಶಾಲೆ ಮಕ್ಕಳ ಬ್ಯಾಗು ತಯಾರಿಸಿ ಅಂಗಡಿಗಳಿಗೆ ಕೊಡುತ್ತಿದ್ದರಂತೆ, ಈಗ ಕೆಲಸ ನಿಲ್ಲಿಸಿ ಮನೆಯಲ್ಲಿದ್ದರು. “ತೊಡಿಸೋಣ, ತೊಡಿಸೋಣ,” ಅಂದರು. “ನಿಮಗೆ ನಾನು ಹೇಳೋದೇನಿದೆ? ಎಲ್ಲಾ ಗೊತ್ತಿರೋರು. ಅದಕ್ಕೇ ರೇಟು ಮೂರನೇ ಒಂದು ಭಾಗ ಇಳಿಸಿ ಹೇಳ್ತಿದೀನಿ.”

ಎಲ್ಲಾ ಗೊತ್ತಿರೋರು! ಕುಶನಣ್ಣ ಹಿಗ್ಗಿ ಹೀರೇಕಾಯಿಯಾದ. ಹೊಲಿದವರು ಯಾರು ಎಂದು ಕೇಳುವ ಆಸೆ ನಾಲಿಗೆ ತುದಿಗೆ ಬಂದಿತ್ತು, ಆದರೆ ನುಂಗಿಕೊಂಡ. ಇನ್ನೊಬ್ಬ ಕುಶನ್ ಕೆಲಸದವನ ಹೆಸರು ಕೇಳುವುದೂ ಒಂದೇ, ತನ್ನ ಅಂಗಡಿಯ ಬೋರ್ಡನ್ನು ತಾನೇ ಇಳಿಸುವುದೂ ಒಂದೇ. ಕಾಣದ ಅಂಚಿಗೇ ಇಷ್ಟು ಮಾಡಿಸಿದ ಮನುಷ್ಯ ಇಂಜಿನ್ನಿಗೆ ಇನ್ನೆಷ್ಟು ಮಾಡಿಸಿರಬೇಡ ಅಂತ ಲೆಕ್ಕ ಹಾಕಿದ. ಯಜಮಾನರು ಕೊಟ್ಟ ಕಾಗದದಲ್ಲಿ ‘ಗಾಡಿಯನ್ನು ಸ್ವತಃ ಪರೀಕ್ಷಿಸಿ, ಒಪ್ಪಿ, ಇದ್ದದ್ದು ಇದ್ದ ಹಾಗೇ ಕೊಂಡಿದ್ದೇನೆ’ ಎಂದಿತ್ತು. ಬಾಲ ಎಳೆದು ಸಹಿ ಹಾಕಿದ.

ದುಡ್ಡು ಅವನದಾಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು, ನಾವೂ ನಕ್ಕು ಸುಮ್ಮನಾಗಬಹುದಿತ್ತು. ದುಡ್ಡು ಹೆಂಡತಿಯದು. ಅಂಗಡಿಯಲ್ಲಿ ಅವನು ಅಳತೆ ಹಿಡಿದು, ಬಟ್ಟೆ ಕತ್ತರಿಸಿ, ಮಶೀನಿನಲ್ಲಿ ಹೊಲಿದ ಕವರುಗಳೆಲ್ಲ ಸಂಜೆ ಮನೆಗೆ ಬರುತ್ತಿದ್ದವು. ಕೊನೆಯ ಅಂಚನ್ನು ಕೈಸೂಜಿಯಲ್ಲಿ ಮುಚ್ಚುವುದು ಅವಳ ಪಾಲು. ದಪ್ಪ ಬಟ್ಟೆ, ದಪ್ಪ ಸೂಜಿ. ಬೆರಳ ತುದಿಗಳು ಜರಡಿಯಾಗಿದ್ದವು. ಈಚೆಗೆ ಬೆಳಗ್ಗೆ ಎದ್ದರೆ ಒಂದು ಬೆರಳು ಮಡಚಿದ್ದು ಬಿಚ್ಚುತ್ತಲೇ ಇರಲಿಲ್ಲ. ಅಂಚಿನವರೆಗೂ ತಾನೇ ಹೊಲಿದು ಮುಗಿಸುವ ದೊಡ್ಡ ಮಶೀನಿಗೆಂದು ಅವಳು ಐದು ವರ್ಷದಿಂದ ಕೂಡಿಟ್ಟಿದ್ದ ಹಣ ಅದು.

“ಕಾರು ಬಂದ್ರೆ ದೂರದ ಆರ್ಡರ್ ಎಲ್ಲ ಹಿಡೀಬಹುದು ಕಣೇ. ಆರು ತಿಂಗಳಲ್ಲಿ ನಿನ್ನ ಮಶೀನು ಮನೇಲಿರುತ್ತೆ,” ಎಂದಿದ್ದ ಇವನು.

“ನಿಮ್ಮ ಆರು ತಿಂಗಳು ನನಗೆ ಗೊತ್ತಿಲ್ವಾ,” ಎಂದು ಗೊಣಗಿ ಕೊಟ್ಟಿದ್ದಳು ಅವಳು. ಕೊಟ್ಟಿದ್ದಳು ಅನ್ನುವುದೇ ಇಲ್ಲಿ ಮುಖ್ಯ.

ಮೊದಲ ಸವಾರಿ ಭಾನುವಾರ. ಹೆಂಡತಿ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಮುಂದಿನ ಸೀಟಿನಲ್ಲಿ ಕೂತಳು. ಇಷ್ಟು ವರ್ಷ ಸ್ಕೂಟರಿನ ಹಿಂದೆ ಫೋಮಿನ ಸುರುಳಿ ತಬ್ಬಿಕೊಂಡು, ಮುಂದೇನಿದೆ ಎಂದು ಕಾಣದೆ ಓಡಾಡಿದವಳು. ಮೊದಲ ಬಾರಿ ರಸ್ತೆಯನ್ನು ಎದುರಿನಿಂದ ನೋಡುತ್ತಿದ್ದಳು. ಎಡಕ್ಕೆ ತಿರುಗಿದಾಗ ಹಾರನ್ ಬಡಿದುಕೊಂಡಿತು.

“ಯಾಕ್ರೀ ಹಾರನ್ ಹೊಡೀತೀರಿ? ಯಾರೂ ಇಲ್ವಲ್ಲ.”

“ನಾನು ಹೊಡೀಲಿಲ್ಲ ಕಣೇ.”

ಇನ್ನೊಂದು ಎಡ ತಿರುವು. ಇನ್ನೊಮ್ಮೆ ಹಾರನ್. ಅಷ್ಟರಲ್ಲಿ ತುಂತುರು ಹನಿ ಶುರುವಾಗಿ ಅವನು ವೈಪರ್ ಹಾಕಿದ. ವೈಪರ್ ಆಡಲಿಲ್ಲ. ಅದರ ಬದಲು ಅವಳ ಪಕ್ಕದ ಕಿಟಕಿ ತನ್ನಷ್ಟಕ್ಕೆ ತಾನೇ ಕೆಳಗಿಳಿಯಿತು. ಅವಳು ಒದ್ದೆಯಾದಳು. ಅವನು ವೈಪರ್ ನಿಲ್ಲಿಸಿದ, ಕಿಟಕಿ ಇಳಿದಲ್ಲೇ ಉಳಿಯಿತು. ದೊಡ್ಡ ವೃತ್ತದ ನಟ್ಟನಡುವೆ ಬರುತ್ತಲೇ ಇಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಹಿಂದೆ ಬಸ್ಸು, ಅದರ ಹಿಂದೆ ಇನ್ನೊಂದು ಬಸ್ಸು. ಹೆಂಡತಿ ಇಳಿದು, ಬಟ್ಟೆ ಎತ್ತಿಕಟ್ಟಿ, ಹಿಂದಿನಿಂದ ತಳ್ಳಿದಳು. ದಾರಿಹೋಕನೊಬ್ಬ ಕೈಜೋಡಿಸಿ, “ಮಾರಿಬಿಡಿ ಸಾರ್,” ಎಂದು ಪುಕ್ಕಟೆ ಸಲಹೆಯನ್ನೂ ಕೊಟ್ಟ. ಮನೆ ಮುಟ್ಟುವವರೆಗೆ ಅವಳು ಸೆರಗಿನಲ್ಲಿ ಸೀಟಿನ ಮೇಲಿನ ನೀರು ಒರೆಸುತ್ತಾ ಕೂತಳು. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಮರುದಿನ ಮೆಕ್ಯಾನಿಕ್ ಸ್ಟೇರಿಂಗಿನ ಕೆಳಗೆ ತಲೆಕೆಳಗಾಗಿ ನುಗ್ಗಿ, ಹಲ್ಲಿನ ಡಾಕ್ಟರಂತೆ ಎಲ್ಲೆಲ್ಲೋ ಕೆರೆದು, ಬೆರಳ ತುದಿಯಲ್ಲಿ ಒಣಗಿದ ಕೆಸರು ತಂದು ತೋರಿಸಿದ.

“ಅಣ್ಣಾ, ಈ ಗಾಡಿ ನೀರು ಕುಡಿದಿದೆ.”

“ಮಳೆ ನೀರಾ?”

“ಮಳೆ ನೀರಂತೆ! ಸೊಂಟದ ಮಟ್ಟ ನಿಂತಿರೋ ನೀರು. ಮೂರು ವರ್ಷದ ಹಿಂದೆ ಕಾಲುವೆ ಒಡೆದು ಕೆಳಗಿನ ಬೀದಿಗಳೆಲ್ಲ ಮುಳುಗಿದ್ವಲ್ಲ, ಆವಾಗಿನದು. ವೈರಿಂಗ್ ಪೂರ್ತಿ ಕಿಲುಬು ಹಿಡಿದಿದೆ. ನೀವು ಹಾರನ್ ರಿಪೇರಿ ಮಾಡಿಸಿದ್ರೆ ಲೈಟ್ ಹೋಗುತ್ತೆ, ಲೈಟ್ ಮಾಡಿಸಿದ್ರೆ ಇನ್ನೊಂದು.” ಆಮೇಲೆ ಅವನು ಸೀಟಿನ ಮೇಲೆ ತಟ್ಟಿದ. “ಇದೊಂದು ಮಾತ್ರ ಪಕ್ಕಾ ಇದೆ. ಯಾವನೋ ಕಿಲಾಡಿ ಹೊಸ ಫೋಮ್ ಹಾಕಿ ಎಂಥ ಕವರ್ ಹೊದಿಸಿದಾನೆ ನೋಡಿ. ಮೇಲೆ ಥಳಕು, ಒಳಗೆ ಹುಳುಕು. ಇದನ್ನ ನೋಡಿದ ಮೇಲೆ ಯಾರಿಗಾದ್ರೂ ಡೌಟು ಬರುತ್ತಾ? ಮಾರಿದೋನಿಗಿಂತ ಈ ಹೊಲಿದೋನೇ ದೊಡ್ಡ ಕಳ್ಳ.”

“ಅವನೊಬ್ಬ ನನ್ನ ಕೈಗೆ ಸಿಗಲಿ,” ಎಂದು ಹಲ್ಲು ಕಡಿದ ಕುಶನಣ್ಣ.

ಹೆಂಡತಿಯ ಅಕ್ಕನ ಗಂಡ, ಅಂದರೆ ಕುಶನಣ್ಣನ ಷಡ್ಡಕ, ವಕೀಲ. ಅವನ ಆಫೀಸು ಒಂದು ಬೇಕರಿಯ ಮೇಲಿನ ಕೋಣೆ. ಫೈಲುಗಳಿಗೂ ಬ್ರೆಡ್ಡಿನ ವಾಸನೆ. ಕಕ್ಷಿದಾರರು ಕೂರುವ ಕುರ್ಚಿಗೆ ಕುಶನಣ್ಣನೇ ಮೆತ್ತೆ ಹಾಕಿಕೊಟ್ಟಿದ್ದ. ‘ಜಾಸ್ತಿ ಮೆತ್ತಗೆ ಬೇಡ, ಬಂದೋರು ಏಳೋದೇ ಇಲ್ಲ’ ಎಂದು ಷಡ್ಡಕ ಹೇಳಿದ್ದರಿಂದ ಅದು ಹಲಗೆಯ ಹಾಗಿತ್ತು. ಈಗ ಅದರ ಮೇಲೆ ಕೂತು ಅವನಿಗೇ ನೋಯುತ್ತಿತ್ತು.

ಷಡ್ಡಕ ಕಾನೂನನ್ನು ಪುಸ್ತಕದಲ್ಲಿ ನೋಡುತ್ತಿರಲಿಲ್ಲ, ಬೆರಳಲ್ಲಿ ಎಣಿಸುತ್ತಿದ್ದ. ಎಲ್ಲ ಕೇಳಿ, ಕನ್ನಡಕ ಒರೆಸಿ, ಐದೂ ಬೆರಳು ಎತ್ತಿದ.

“ಐದು ದಾರಿ ಇದೆ ಕಣಯ್ಯಾ.”

“ಐದಾ!” ಕುಶನಣ್ಣನ ಮುಖ ಅರಳಿತು.

“ತಡಿ. ಒಂದು, ಗ್ರಾಹಕರ ಕೋರ್ಟು. ಅದು ಅಂಗಡಿಯೋರು, ವ್ಯಾಪಾರ ಮಾಡೋರ ಮೇಲೆ. ಮನೆ ಮುಂದಿನ ಕಾರು ಮಾರಿದ ಮುದುಕರು ವ್ಯಾಪಾರಿ ಅಲ್ಲ.” ಕಿರುಬೆರಳು ಮಡಚಿತು. “ಎರಡು, ಪೊಲೀಸು. ಟೋಪಿ ಹಾಕಿದ ಅಂತ ದೂರು ಕೊಡಬಹುದು. ಶುರುವಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸು ಅಂತಾರೆ. ಇಲ್ಲ ಅಂದ್ರೆ ಇದು ನಿಮ್ಮಿಬ್ಬರ ವ್ಯವಹಾರ, ಕೋರ್ಟಿಗೆ ಹೋಗಿ ಅಂತ ಕಳಿಸ್ತಾರೆ.” ಇನ್ನೊಂದು ಬೆರಳು ಮಡಚಿತು. “ಮೂರು, ಕಾಗದದಲ್ಲಿ ಏನಾದ್ರೂ ಭರವಸೆ ಕೊಟ್ಟಿದ್ರೆ ಅದನ್ನ ಮುರಿದ ಅಂತ ದಾವೆ. ಕಾಗದ ಎಲ್ಲಿ?”

ಕುಶನಣ್ಣ ಕೊಟ್ಟ. ಷಡ್ಡಕ ಓದಿದ. ಸಹಿಯ ಬಾಲವನ್ನು ಕಣ್ಣಲ್ಲೇ ಕೊನೆಯವರೆಗೂ ಹಿಂಬಾಲಿಸಿದ.

“ಸ್ವತಃ ಪರೀಕ್ಷಿಸಿ ಅಂತ ಬರೆದಿದೆ. ಏನು ಪರೀಕ್ಷೆ ಮಾಡಿದೆ?”

“ಸೀಟು.”

“ಸೀಟು,” ಎಂದು ಷಡ್ಡಕ ಮೂರನೆಯ ಬೆರಳು ಮಡಚಿದ. “ಭರವಸೆ ಏನಾದ್ರೂ ಬಾಯಲ್ಲಿ ಹೇಳಿದ್ರಾ?”

“ಎಲ್ಲಾ ಗೊತ್ತಿರೋರು ಅಂದ್ರು.”

“ಬಾಯಿಮಾತಿಗೆ ಕೋರ್ಟಲ್ಲಿ ಬೆಲೆ ಕಮ್ಮಿ. ಅದರಲ್ಲೂ ಈ ಮಾತಿಗೆ!” ಅವನು ತೋರುಬೆರಳನ್ನು ಮಾತ್ರ ಮಡಚಲಿಲ್ಲ. “ನಾಲ್ಕು. ಇದು ಗಟ್ಟಿ. ಇದ್ದ ಹಾಗೇ ಕೊಂಡೆ ಅಂತ ನೀನು ಬರೆದುಕೊಟ್ಟಿದ್ರೂ, ಮಾರೋನು ಗೊತ್ತಿದ್ದೂ ಗೊತ್ತಿದ್ದೂ ಹುಳುಕು ಮುಚ್ಚಿಟ್ಟಿದ್ರೆ ವ್ಯವಹಾರ ರದ್ದು ಮಾಡಿಸಬಹುದು. ಕಾರು ಅವರಿಗೆ, ದುಡ್ಡು ನಿನಗೆ. ಆದ್ರೆ ಅವರಿಗೆ ಗೊತ್ತಿತ್ತು ಅಂತ ನಾವು ತೋರಿಸಬೇಕು. ನೀರು ನುಗ್ಗಿದ ಮೇಲೆ ಸೀಟು ಬದಲಾಯಿಸಿದಾರೆ ಅಂದ್ಯಲ್ಲ? ಅದನ್ನ ಹೊಲಿದೋನು ಯಾರು ಅಂತ ಹುಡುಕು. ಅವನೊಬ್ಬ ಬಂದು ‘ಹೌದು ಸ್ವಾಮಿ, ಇವರೇ ಒದ್ದೆ ಸೀಟು ತಂದುಕೊಟ್ರು’ ಅಂದ್ರೆ ಕೇಸು ಗೆದ್ದ ಹಾಗೆ.”

“ಐದನೇದು?” ಎಂದು ಹೆಬ್ಬೆರಳು ನೋಡಿ ಕೇಳಿದ ಕುಶನಣ್ಣ.

“ಅದು ರಾಜಿ. ಅದು ಬೇಡ, ಅದರಲ್ಲಿ ನನಗೇನೂ ಸಿಗಲ್ಲ.”

ಹೀಗೆ ಕುಶನಣ್ಣ ಮೂರು ದಿನ ಅಂಗಡಿ ಮುಚ್ಚಿ, ಅಂಚಿನ ಫೋಟೋ ಹಿಡಿದು, ಊರಿನ ಕುಶನ್ ಅಂಗಡಿಗಳನ್ನೆಲ್ಲ ಸುತ್ತಿದ. ಜೀವಮಾನದಲ್ಲಿ ಯಾರ ಮೆಟ್ಟಿಲು ತುಳಿಯುವುದಿಲ್ಲ ಎಂದಿದ್ದನೋ ಅವರ ಮೆಟ್ಟಿಲುಗಳನ್ನೇ ತುಳಿದ. ಒಬ್ಬ, “ನಮ್ಮಲ್ಲಿ ಇಷ್ಟು ಪುರುಸೊತ್ತು ಯಾರಿಗಿದೆ,” ಅಂದ. ಇನ್ನೊಬ್ಬ ಫೋಟೋವನ್ನು ತಿರುಗಿಸಿ ತಿರುಗಿಸಿ ನೋಡಿ, “ತಮಾಷೆ ಮಾಡ್ತೀರಾ? ಇದು ನಿಮ್ಮ ಅಂಗಡೀದೇ ಅಲ್ವಾ?” ಅಂದ. ಹೊಟ್ಟೆಕಿಚ್ಚಿಗೆ ಹಂಗಿಸುತ್ತಿದ್ದಾನೆ ಎಂದುಕೊಂಡು ಕುಶನಣ್ಣ ಚಹಾ ಕುಡಿಯದೆ ಎದ್ದುಬಂದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅಂತ ಗಾದೆ ಮಾಡಿದವರು ಇಂಥವನನ್ನು ನೋಡಿಯೇ ಮಾಡಿರಬೇಕು.

ನಾಲ್ಕನೆಯ ದಿನ ಷಡ್ಡಕನೇ ಅಂಗಡಿಗೆ ಬಂದ. ಕವರ್ ಬಿಚ್ಚಿ ಸೀಟಿನ ಕಬ್ಬಿಣದಲ್ಲಿರುವ ಕೆಸರಿನ ಗುರುತಿನ ಫೋಟೋ ತೆಗೆಯೋಣ ಎಂದು ಅವನ ಯೋಚನೆ. ಹೊಲಿಗೆ ಹರಿಯದೆ ಬಿಚ್ಚುವುದರಲ್ಲಿ ಕುಶನಣ್ಣನ ಹೆಂಡತಿಯದು ಎತ್ತಿದ ಕೈ ಎಂದು ಅವಳನ್ನೂ ಕರೆಸಿದರು. ಅವಳು ಆ ಸೀಟಿನ ಮೇಲೆ ಕೂತಿದ್ದಳೇ ಹೊರತು ಅದರ ಅಡಿ ನೋಡಿರಲಿಲ್ಲ. ಯಾಕೆ ನೋಡಬೇಕು? ಕೂತವರು ಯಾರಾದರೂ ಅಡಿ ನೋಡುತ್ತಾರಾ?

ಬಾಗಿಲ ಬಳಿ ಬೆಳಕಿಗೆ ಸೀಟು ಇಟ್ಟುಕೊಂಡು, ಅಂಚು ಮಡಚಿ, ಸೂಜಿಯ ತುದಿಯಿಂದ ಮೊದಲ ಹೊಲಿಗೆ ಎತ್ತಿದಳು. ಅವಳ ಕೈ ನಿಂತಿತು. ಅಂಚಿನುದ್ದಕ್ಕೂ ಬೆರಳಾಡಿಸಿ ಕೊನೆಗೆ ಬಂದಳು. ಅಲ್ಲಿ ಮೂರು ಸುತ್ತಿನ ಒಂದು ಗಂಟು, ಅದರ ಬಾಲ ಒಳಗೆ ಸೇರಿಸಿದ್ದು. ಎದ್ದು ಒಳಗೆ ಹೋಗಿ ನೀರು ಕುಡಿದು ಬಂದಳು.

“ರೀ, ನಿಮ್ಮ ಕಳ್ಳ ಸಿಕ್ಕ,” ಅಂದಳು.

“ಯಾರು? ಯಾರೇ ಅದು?”

ಅವಳು ಎಡಗೈ ಮೇಲೆತ್ತಿದಳು.

ಕುಶನಣ್ಣನಿಗೆ ತಕ್ಷಣ ಹೊಳೆಯಲಿಲ್ಲ. ಹೆಂಡತಿ ಎಡಚಿ ಎಂದು ಅವನಿಗೆ ಗೊತ್ತಿತ್ತು, ಚಹಾದ ಲೋಟ ಅವಳು ಯಾವ ಕೈಯಲ್ಲಿ ಕೊಡುತ್ತಾಳೆ ಎಂದು ಗೊತ್ತಿತ್ತು. ಎಡಗೈಯವರ ಹೊಲಿಗೆ ಇನ್ನೊಂದು ಕಡೆಗೆ ವಾಲುತ್ತದೆ ಎಂದು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಬೆಳಗ್ಗೆ ಅವಳು ಮುಗಿಸಿಟ್ಟ ಕವರುಗಳನ್ನು ಎತ್ತಿಕೊಂಡು ಹೋಗುತ್ತಿದ್ದ, ಮೇಲಿಂದ ಒಮ್ಮೆ ಸವರುತ್ತಿದ್ದ, ಅಷ್ಟೇ. ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ಇವನಿಗೆ ತನ್ನ ಮನೆಯೇ ಕಂಡಿರಲಿಲ್ಲ.

ಕಾಲುವೆ ಒಡೆದ ವರ್ಷದ ಅಳತೆ ಪುಸ್ತಕವನ್ನು ಅವಳೇ ಹುಡುಕಿ ತಂದಳು. ಆ ವರ್ಷ ಅಂಗಡಿಗೆ ಸುಗ್ಗಿ. ಕೆಳಗಿನ ಬೀದಿಗಳ ಸೋಫಾಗಳೂ ಸೀಟುಗಳೂ ಕೆಸರು ಸುರಿಸುತ್ತಾ ಫುಟ್‌ಪಾತಿನವರೆಗೆ ಸಾಲು ನಿಂತಿದ್ದವು. ಗಿರಾಕಿಯ ಮುಖ ನೋಡಲು ಪುರುಸೊತ್ತು ಯಾರಿಗಿತ್ತು? ಮೊದಲೇ ಕುಶನಣ್ಣ ಗಿರಾಕಿಗಳನ್ನು ಮುಖದಿಂದ ಗುರುತಿಸುವವನಲ್ಲ, ಸೋಫಾದಿಂದ ಗುರುತಿಸುವವನು. ಪುಸ್ತಕದ ಒಂದು ಹಾಳೆಯಲ್ಲಿ ಅವನದೇ ಅಕ್ಷರದಲ್ಲಿ ಬರೆದಿತ್ತು: ‘ಬ್ಯಾಗ್ ಯಜಮಾನರು. ಕಾರಿನ ಸೀಟು, ಮುಂದೆ ಎರಡು, ಹಿಂದೆ ಒಂದು. ನೀರು ಕುಡಿದದ್ದು. ಹಳೆ ಫೋಮ್ ಎಸೆದಿದೆ. ಅರ್ಜೆಂಟ್.’

ಷಡ್ಡಕ ಕುಣಿದುಬಿಟ್ಟ. “ಸಿಕ್ಕಿಬಿದ್ರು ಮುದುಕರು! ತಾರೀಕು ಇದೆ, ನೀರು ಕುಡಿದದ್ದು ಅಂತ ಬರೆದಿದೆ! ಇನ್ನೇನು ಬೇಕು?” ಕುಣಿಯುತ್ತಿದ್ದವನು ನಡುವೆಯೇ ನಿಂತ. ನಿಧಾನವಾಗಿ ಫೋಮಿನ ಸುರುಳಿಯ ಮೇಲೆ ಕೂತ. “ಅಯ್ಯೋ ಮಂಕೇ.”

“ಏನಾಯ್ತಣ್ಣಾ?”

“ಇದನ್ನ ಬರೆದೋನು ಯಾರು?”

“ನಾನೇ.”

“ಅಂದ್ರೆ ಅವರಿಗೂ ಗೊತ್ತಿತ್ತು, ನಿನಗೂ ಗೊತ್ತಿತ್ತು. ಹುಳುಕು ಗೊತ್ತಿದ್ದೂ ಕೊಂಡೋನಿಗೆ ಯಾವ ಕೋರ್ಟಲ್ಲೂ ಪರಿಹಾರ ಇಲ್ಲ ಕಣಯ್ಯಾ. ಅವರ ವಕೀಲ ಎದ್ದು ಏನಂತಾನೆ ಗೊತ್ತಾ? ‘ಸ್ವಾಮಿ, ಒದ್ದೆ ಸೀಟು ಬಿಚ್ಚಿದೋರು ಇವರೇ, ಹೊಸದು ಹೊಲಿದೋರು ಇವರೇ, ಪುಸ್ತಕದಲ್ಲಿ ಬರೆದೋರು ಇವರೇ. ಈಗ ಬಂದು ನನಗೆ ಗೊತ್ತಿರಲಿಲ್ಲ ಅಂತಾರೆ.’ ಸಾಕ್ಷಿ ತೋರಿಸಿದ್ರೆ ಸೋಲ್ತೀವಿ, ತೋರಿಸದಿದ್ರೆ ಗೆಲ್ಲೋದಕ್ಕೆ ಬೇರೆ ಏನೂ ಇಲ್ಲ.” ಷಡ್ಡಕ ತೋರುಬೆರಳನ್ನು ಬಹಳ ಬೇಸರದಿಂದ ಮಡಚಿದ. “ನನ್ನ ಸರ್ವಿಸಲ್ಲಿ ಫಿರ್ಯಾದಿನೂ ಒಬ್ಬನೇ, ಸಾಕ್ಷಿನೂ ಒಬ್ಬನೇ, ಕಳ್ಳನೂ ಒಬ್ಬನೇ ಆಗಿದ್ದು ಇದೇ ಮೊದಲು.”

“ನನಗೆ ನಿಜವಾಗ್ಲೂ ನೆನಪಿರಲಿಲ್ಲ,” ಎಂದ ಕುಶನಣ್ಣ. ಅದು ಸತ್ಯ. ಆದರೆ ಅಂಥ ಸತ್ಯವನ್ನು ನಂಬುವವರು ಆ ಕೋಣೆಯಲ್ಲೇ ಕಮ್ಮಿ ಇದ್ದರು. ಹೆಂಡತಿ ಬಿಚ್ಚಿದ ಒಂದು ಹೊಲಿಗೆಯನ್ನು ಮತ್ತೆ ಹಾಕುತ್ತಾ ಕೂತಿದ್ದಳು. ಆ ಬೆರಳು ಮಡಚಿಕೊಂಡೇ ಇತ್ತು. ಅವನಿಗೆ ನಾಚಿಕೆಯಾಯಿತು. ಬರೀ ಮೋಸಹೋದ ನಾಚಿಕೆಯಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಇದು ಬೇರೆ.

“ಹೆಬ್ಬೆರಳು ಇನ್ನೂ ಮಡಚಿಲ್ವಲ್ಲ ಭಾವ,” ಅಂದಳು ಗಂಡನಿಂದ ಐದು ಬೆರಳಿನ ಲೆಕ್ಕ ಕೇಳಿದ್ದ ಅವಳು, ದಾರ ಕಡಿದು. “ಹೋಗಿ ರಾಜಿ ಮಾತಾಡೋಣ. ಈ ಸಲ ನಾನೂ ಬರ್ತೀನಿ.”

ಸಂಜೆ ಮೂವರೂ ಕಾರಿನಲ್ಲೇ ಹೊರಟರು. ಷಡ್ಡಕ ವಕೀಲನಾಗಿ ಬಂದನೆಂದು ಹೇಳಲಾರೆ. ಹಿಂದಿನಿಂದ ತಳ್ಳಲು ಒಬ್ಬರು ಬೇಕಿತ್ತು. ಎರಡು ಎಡ ತಿರುವು, ಎರಡು ಹಾರನ್. ಯಜಮಾನರು ಸದ್ದು ಕೇಳಿಯೇ ಬಾಗಿಲು ತೆಗೆದರು.

“ಬನ್ನಿ ಬನ್ನಿ! ಹೇಗಿದೆ ನಿಮ್ಮ ಸೀಟು?”

ಕುಶನಣ್ಣ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಕೋಪ ಬಾಯಿಗೆ ಬಂತು. “ಯಜಮಾನರೇ, ಗಾಡಿ ನೀರು ಕುಡಿದಿದೆ ಅಂತ ನೀವು ಯಾಕೆ ಹೇಳಲಿಲ್ಲ?”

ಯಜಮಾನರು ಅವನ ಮುಖವನ್ನು ನೋಡಿದರು, ಷಡ್ಡಕನ ಮುಖವನ್ನು ನೋಡಿದರು, ಯಾರಾದರೂ ನಗುತ್ತಾರೇನೋ ಎಂದು ಕಾದರು. “ನಿಮಗೆ ಹೇಳೋದಾ? ಸೀಟು ಹಿಂಡಿ ನೀರು ತೆಗೆದೋರು ನೀವೇ ಅಲ್ವಾ? ‘ಇದರಲ್ಲಿ ಮೀನು ಸಾಕಿದ್ರಾ’ ಅಂತ ನನ್ನನ್ನ ರೇಗಿಸಿದ್ರಿ! ಬೇರೆ ನಾಲ್ಕು ಜನಕ್ಕೆ ನೀರು ವಿಷಯ ಹೇಳಿದೆ, ನಾಲ್ಕೂ ಜನ ತಿರುಗಿ ನೋಡಲಿಲ್ಲ. ನೀವು ಬಂದಾಗ, ಸದ್ಯ, ಗೊತ್ತಿರೋರೇ ಬಂದ್ರಲ್ಲ, ಇವರಿಗೆ ಬಾಯಿಬಿಟ್ಟು ಹೇಳೋ ಸಂಕಟ ಇಲ್ಲ ಅಂದುಕೊಂಡು ರೇಟು ಇಳಿಸಿದೆ. ಮೂರನೇ ಒಂದು ಭಾಗ ಯಾರಾದ್ರೂ ಸುಮ್ಮನೆ ಇಳಿಸ್ತಾರಾ?”

ಷಡ್ಡಕ ಆಕಾಶ ನೋಡಿದ. ಕುಶನಣ್ಣ ಚಪ್ಪಲಿ ನೋಡಿದ.

“ನಾನೂ ಯೋಚನೆ ಮಾಡ್ದೆ,” ಎಂದು ಯಜಮಾನರು ಕುಶನಣ್ಣನ ಹೆಂಡತಿಯ ಕಡೆ ತಿರುಗಿ ಮುಂದುವರಿಸಿದರು. “ಇದೇನಪ್ಪಾ ಈ ಮನುಷ್ಯ, ತನ್ನ ಕೆಲಸಾನ ತಾನೇ ಇಷ್ಟು ಹೊಗಳ್ಕೋತಾನೆ ಅಂತ. ಅರ್ಧ ಗಂಟೆ ಆ ಅಂಚು ಬಿಟ್ಟು ಏಳಲಿಲ್ಲಮ್ಮಾ ಇವರು. ಈ ಕೈಗೆ ಬಂಗಾರದ ಕಡಗ ತೊಡಿಸಬೇಕು ಅಂತ ರಸ್ತೇಲಿ ಹೋಗೋರಿಗೆಲ್ಲ ಕೇಳೋ ಹಾಗೆ ಕೂಗಿದ್ರು.”

“ಏನಂದ್ರು?” ಎಂದಳು ಹೆಂಡತಿ.

“ಬಂಗಾರದ ಕಡಗ.”

ಅವಳು ಗಂಡನ ಕಡೆ ತಿರುಗಲಿಲ್ಲ. ಅವಳ ಕಿವಿ ಮಾತ್ರ ಕೆಂಪಾಯಿತು. ನಗು ಬಂತೋ ಅಳು ಬಂತೋ, ಅದನ್ನು ಮರೆಸಲು ಜಗುಲಿಯ ಮೂಲೆಗೆ ಹೋಗಿ ನಿಂತಳು. ಅಲ್ಲಿ ಹಳೆಯ ಬೆಡ್‌ಶೀಟು ಹೊದ್ದುಕೊಂಡು ಏನೋ ಒಂದು ನಿಂತಿತ್ತು. ಕೆಳಗೆ ಕಬ್ಬಿಣದ ದಪ್ಪ ಕಾಲುಗಳು ಕಾಣುತ್ತಿದ್ದವು.

ಇತ್ತ ಯಜಮಾನರಿಗೂ ಮುಖ ಚಿಕ್ಕದಾಗಿತ್ತು. ಕಾರು ವಾಪಸು ತೆಗೆದುಕೊಂಡು ಹಣ ಕೊಡೋಣವೆಂದರೆ ಅದು ಆಗಲೇ ಚಾವಣಿಯ ರಿಪೇರಿಗೆ ಹೋಗಿತ್ತು. ಬೇಕಾದರೆ ನೋಡಿ ಎಂದು ಮೇಲೆ ಕೈ ತೋರಿಸಿದರು. ಮೂವರು ಗಂಡಸರೂ ಕತ್ತೆತ್ತಿ, ಮಾಡಲು ಬೇರೆ ಏನೂ ತೋಚದೆ, ಹೊಸ ಶೀಟುಗಳನ್ನು ನೋಡುತ್ತಾ ನಿಂತರು.

“ಇದು ಓಡುತ್ತಾ?” ಎಂದು ಮೂಲೆಯಿಂದ ದನಿ ಬಂತು. ಅವಳು ಬೆಡ್‌ಶೀಟು ಎತ್ತಿದ್ದಳು. ಒಳಗೆ ಬ್ಯಾಗು ಹೊಲಿಯುವ ದೊಡ್ಡ ಮಶೀನು.

ಯಜಮಾನರು ಹಾವು ತುಳಿದವರಂತೆ ಹಾರಿಬಿದ್ದರು. “ತಾಯೀ, ಮೊದಲೇ ಹೇಳಿಬಿಡ್ತೀನಿ, ಎಲ್ಲರೂ ಕೇಳಿಸ್ಕೊಳ್ಳಿ. ಇದೂ ನೀರು ಕುಡಿದಿದೆ! ಮೂರು ದಿನ ಮುಳುಗಿತ್ತು. ಆಮೇಲೆ ನಾನು ಮುಟ್ಟಿಲ್ಲ.”

“ಗೊತ್ತಾಯ್ತು,” ಎಂದು ಅವಳು ತೋಳು ಮೇಲೇರಿಸಿದಳು.

ಆಮೇಲಿನ ಒಂದು ಗಂಟೆ ಕುಶನಣ್ಣ ಕಲಿಯಬೇಕಾದದ್ದನ್ನೆಲ್ಲ ಕಲಿತ. ಅವಳು ಮೊದಲು ಚಕ್ರವನ್ನು ಕೈಯಲ್ಲಿ ತಿರುಗಿಸಿದಳು, ಅದು ಕಿರುಗುಟ್ಟಿತು. ಎಣ್ಣೆ ತರಿಸಿದಳು. ಪ್ರತಿಯೊಂದು ರಂಧ್ರಕ್ಕೂ ಹನಿ ಹನಿ ಬಿಟ್ಟು ಕಾದಳು. ಕೆಳಗಿನ ತಟ್ಟೆ ಬಿಚ್ಚಿ ತುಕ್ಕನ್ನು ಉಗುರಿನಲ್ಲಿ ಕೆರೆದು ನೋಡಿ, “ಮೇಲಿನದು ಅಷ್ಟೇ,” ಅಂದಳು. ಟಾರ್ಚು ಹಿಡಿಯಲು ಗಂಡನಿಗೆ ಹೇಳಿದಳು, ಎರಡು ಸಲ ಸರಿಯಾಗಿ ಹಿಡಿಯಲು ಹೇಳಿದಳು. ಯಜಮಾನರ ಡಬ್ಬಿಯಿಂದ ಸೂಜಿ, ತನ್ನ ಚೀಲದಿಂದ ದಾರ. ನಾಲ್ಕು ಮಡಿಕೆ ಕ್ಯಾನ್‌ವಾಸ್ ಇಟ್ಟು ಪೆಡಲು ತುಳಿದಳು. ಮಶೀನು ಮೊದಲು ಮುನಿಸಿಕೊಂಡಿತು, ಆಮೇಲೆ ತಡವರಿಸಿತು, ಆಮೇಲೆ ಟಕಟಕನೆ ಅಂಚಿನ ಕೊನೆಯವರೆಗೂ ಓಡಿತು. ಅವಳು ಬಟ್ಟೆ ಎತ್ತಿ ಮೊದಲು ಅಡಿ ನೋಡಿದಳು.

“ಇದು ಕೊಡಿ. ಕಾರು ನಮ್ಮ ಹತ್ರಾನೇ ಇರಲಿ. ಅಲ್ಲಿಗೆ ಸರಿಹೋಯ್ತು.”

ಯಜಮಾನರ ಕಣ್ಣಲ್ಲಿ ನೀರು ಬಂತು. ಕೊಡುವ ಬೇಸರಕ್ಕಲ್ಲ, ಅದರ ಸದ್ದು ಕೇಳಿ ಮೂರು ವರ್ಷವಾಗಿತ್ತಂತೆ. “ವೈರಿಂಗಿಗೂ ಆದಷ್ಟು ಕೊಡ್ತೀನಮ್ಮಾ, ನಿಧಾನಕ್ಕೆ,” ಅಂದರು. ಷಡ್ಡಕ ಅಲ್ಲೇ ಕೂತು ಕಾಗದ ಬರೆದ. ‘ಮಶೀನು ನೀರು ಕುಡಿದಿದೆ ಎಂದು ಮಾರಿದವರು ಮೂರು ಸಲ ಕೂಗಿ ಹೇಳಿದ್ದಾರೆ, ಕೊಂಡವರು ಒಂದು ಗಂಟೆ ಪರೀಕ್ಷಿಸಿದ್ದಾರೆ’ ಎಂದು ಸ್ಪಷ್ಟವಾಗಿ ನಮೂದಿಸಿದ. ಸಹಿ ಹಾಕಲು ಕುಶನಣ್ಣ ಕೈ ಚಾಚಿದ. ಷಡ್ಡಕ ಪೆನ್ನನ್ನು ಅವನ ಮೂಗಿನ ಕೆಳಗಿನಿಂದಲೇ ದಾಟಿಸಿ ಅವನ ಹೆಂಡತಿಗೆ ಕೊಟ್ಟ. ಅವಳು ಎಡಗೈಯಲ್ಲಿ ಹಾಕಿದಳು, ಬಾಲವಿಲ್ಲದ ಪುಟ್ಟ ಸಹಿ.

ಕಾಲುಗಳನ್ನು ನಾಳೆ ಒಯ್ಯುವುದೆಂದು ಬಿಟ್ಟು, ಮಶೀನಿನ ತಲೆಯನ್ನು ಮಾತ್ರ ಹಿಂದಿನ ಸೀಟಿಗೆ ಏರಿಸಿದರು. ಷಡ್ಡಕ ಅದನ್ನು ಬಿಡಿಸಿಕೊಳ್ಳಲಾಗದ ನೆಂಟನಂತೆ ಅಪ್ಪಿಕೊಂಡು ಕೂತ. ಕಾರು ಒಂದೇ ಸಲಕ್ಕೆ ಶುರುವಾಯಿತು, ಅದಕ್ಕೂ ಸ್ವಲ್ಪ ಮರ್ಯಾದೆ ಇತ್ತು.

“ರೀ,” ಅಂದಳು ಅವಳು ಸ್ವಲ್ಪ ದೂರ ಹೋದ ಮೇಲೆ, ಎದುರಿನ ರಸ್ತೆ ನೋಡುತ್ತಾ. “ಅವತ್ತು ಯಜಮಾನರ ಮುಂದೆ ಏನೋ ಅಂದ್ರಂತಲ್ಲ. ಏನದು?”

“ಅದಾ? ಏನಿಲ್ಲ. ಸುಮ್ನೆ ಏನೋ.”

“ಹೇಳಿ.”

ಕುಶನಣ್ಣ ಬಾಯಿ ತೆರೆದ, ಎಡ ತಿರುವು ಬಂತು, ಹಾರನ್ ಊರೆಲ್ಲ ಕೇಳುವಂತೆ ಬಡಿದುಕೊಂಡಿತು. ಅದರ ಮರೆಯಲ್ಲಿ ಅವನು ಹೇಳಿಯೇಬಿಟ್ಟ.

“ಕೇಳಿಸಲಿಲ್ಲ,” ಅಂದಳು. “ಹಾರನ್ ನಿಂತ ಮೇಲೆ ಹೇಳಿ.”

ಅವನು ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಮತ್ತೆ ಶುರುವಾಗುತ್ತದೋ ಇಲ್ಲವೋ ಎಂಬ ಯೋಚನೆಯನ್ನೂ ಬಿಟ್ಟು ಇಂಜಿನ್ ಆರಿಸಿದ. ಅವಳ ಎಡಗೈಯನ್ನು ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಅವತ್ತು ಆ ಅಂಚನ್ನು ನೋಡಿದ ಹಾಗೆ ನೋಡಿದ. ಬೆರಳ ತುದಿಗಳಲ್ಲಿ ಎಣಿಸಲಾರದಷ್ಟು ಚುಕ್ಕೆಗಳಿದ್ದವು. ಇಪ್ಪತ್ತೆರಡು ವರ್ಷ ಜೊತೆಯಲ್ಲಿದ್ದೂ ಇದನ್ನು ಮೊದಲ ಸಲ ನೋಡುತ್ತಿದ್ದೇನಲ್ಲ ಎಂದುಕೊಂಡ.

“ಈ ಕೈಗೆ ಬಂಗಾರದ ಕಡಗ ತೊಡಿಸಬೇಕು ಅಂದೆ,” ಎಂದ. ಈ ಸಲ ಮಾತು ಸ್ಪಷ್ಟವಾಗಿತ್ತು.

“ಬರವಣಿಗೇಲಿ ತಗೋಳಮ್ಮಾ,” ಎಂದ ಷಡ್ಡಕ ಹಿಂದಿನಿಂದ, ಮಶೀನಿನ ಆಚೆ ಕತ್ತು ಚಾಚಿ. “ಬಾಯಿಮಾತಿಗೆ ಬೆಲೆ ಇಲ್ಲ. ಸಾಕ್ಷಿ ಬೇಕಾದ್ರೆ ನಾನಿದೀನಿ.”

“ಬೇಡ ಭಾವ,” ಅಂದಳು ಅವಳು, ಕೈ ಬಿಡಿಸಿಕೊಳ್ಳದೆ. “ಇದು ಬಾಯಿಮಾತಲ್ಲೇ ಇರಲಿ. ದಿನಾ ಒಂದು ಸಲ ಹೇಳ್ತಾರೆ.”